ಎಣ್ಣೆ ಕಂಡ ಮೋಟರು

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಯಾರಾದರೂ ಅಂದರೆ ಅನ್ನಲಿ, ನನಗೇನೂ ಬೇಜಾರಿಲ್ಲ. ನಾನು ಬಟ್ಟೆ ಹೊಲಿಯುವವಳು. ಹೊಲಿಗೆ ಸೊಟ್ಟ ಬಂದರೆ, ನನ್ನ ಕೈಯದೇ ಆದರೂ, ಮುಲಾಜಿಲ್ಲದೆ ಬಿಚ್ಚಿ ಹಾಕುತ್ತೇನೆ. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಆ ವಾರ ನನ್ನ ಮಗಳು ನಡೆದುಕೊಂಡದ್ದರಲ್ಲಿ ಬಿಚ್ಚಬೇಕಾದ ಹೊಲಿಗೆ ಒಂದೂ ಇರಲಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಿಟಕಿ ಪಕ್ಕ ನನ್ನ ಮಿಷನ್ನು, ಗೋಡೆ ಪಕ್ಕ ನಮ್ಮ ಯಜಮಾನರ ಮೇಜು. ಇವರು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾರೆ. ಊರಲ್ಲಿ ಯಾವ ಮಿಷನ್ನು ಕಿರುಗುಟ್ಟಿದರೂ ನಮ್ಮ ಮೆಟ್ಟಿಲು ಹತ್ತಲೇಬೇಕು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಇವರು ಮಾಡುವ ಕೆಲಸ ಎಂದರೆ ಎಲ್ಲ ಮಿಷನ್ನಿಗೂ ಎಣ್ಣೆ ಬಿಡುವುದು. ನನಗೆ ಕಾಫಿ ಕೊಡುವುದನ್ನು ಮರೆತಾರು, ಅದನ್ನು ಮರೆಯುವುದಿಲ್ಲ.

ಮಗಳು ಫೋಟೋ ತೆಗೆಯುತ್ತಾಳೆ. ಮದುವೆ ಮುಂಜಿ ಫೋಟೋ ಅಲ್ಲ, ಆಟದ ಫೋಟೋ. ಪತ್ರಿಕೆಯೊಂದರಲ್ಲಿ ಅವಳನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದರು. ಆಟದ ಪುಟದ ಸಂಪಾದಕಿ ಕಡ್ಡಿ ಮುರಿದಂತೆ ಹೇಳಿದ್ದಳು: ಭಾನುವಾರ ದೊಡ್ಡ ಓಟ ಇದೆ, ಗೆದ್ದವಳು ಗೆರೆ ದಾಟುವ ಚಿತ್ರ ಮುಖಪುಟಕ್ಕೆ ಹಾಕುವಂತಿದ್ದರೆ ಕೆಲಸ ನಿನ್ನದು, ಇಲ್ಲದಿದ್ದರೆ ನಿನ್ನ ಹಿಂದೆ ಕಾಯುತ್ತಿರುವವನದು.

ಅಂಥ ಹೊತ್ತಿಗೆ ಸರಿಯಾಗಿ ಅವಳ ಉದ್ದ ಲೆನ್ಸು ಕೈಕೊಟ್ಟಿತು. ಅದರೊಳಗೆ ಒಂದು ಮೋಟರ್ ಇದೆ. ಕ್ಯಾಮೆರಾದ ಗುಂಡಿಯನ್ನು ಮೆಲ್ಲಗೆ ಅದುಮಿದರೆ ಅದೇ ತಿರುಗಿ, ಓಡುವವರ ಮುಖವನ್ನು ಹುಡುಕಿ ಸ್ಪಷ್ಟ ಮಾಡುತ್ತದೆ. ಮೊದಲ ಸಲ ಅದು ಕೀಚುಗುಟ್ಟಿ ನಿಂತುಹೋಗಿತ್ತು, ಹಳೆಯ ಲೆನ್ಸು, ಆಗಲಿ ಅಂದುಕೊಂಡು ಹೊಸ ಮೋಟರ್ ಹಾಕಿಸಿದಳು. ಕೆಲವೇ ತಿಂಗಳಲ್ಲಿ ಅದೂ ನಿಂತಿತು. ಮತ್ತೊಂದು ಹಾಕಿಸಿದಳು. ಓಟಕ್ಕೆ ನಾಲ್ಕು ದಿನ ಇರುವಾಗ ಅದೂ ಕಣ್ಣು ಮುಚ್ಚಿತು.

ನನಗೆ ಸಿಟ್ಟು ನೆತ್ತಿಗೇರಿತು. "ನಡಿ, ನಾನೂ ಬರ್ತೀನಿ. ಎಂಥ ರಿಪೇರಿ ಮಾಡ್ತಾನೆ ಆ ಮನುಷ್ಯ, ನೋಡೇ ಬಿಡ್ತೀನಿ," ಅಂತ ಚಪ್ಪಲಿ ಮೆಟ್ಟಿದೆ. ಕ್ಯಾಮೆರಾ ರಿಪೇರಿಯವನನ್ನು ಎಲ್ಲರೂ ಲೆನ್ಸ್ ಡಾಕ್ಟರ್ ಅನ್ನುತ್ತಾರೆ. ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದವನ ಹಾಗಿದ್ದಾನೆ.

"ನೀವು ಹಾಕೋ ಮೋಟರ್ ಒಂದು ಮಳೆಗಾಲ ತಡೆಯಲ್ವಲ್ಲ, ಡಾಕ್ಟ್ರೇ. ನಾನು ಹಾಕೋ ಗುಂಡಿ ಅಂಗಿ ಹರಿದ ಮೇಲೂ ಇರುತ್ತೆ," ಅಂದೆ.

ಅವನು ಲೆನ್ಸನ್ನು ತನ್ನ ಕಡೆ ಎಳೆದುಕೊಂಡ. ನಮ್ಮೆದುರೇ ಸಣ್ಣ ಸಣ್ಣ ತಿರುಪು ಬಿಚ್ಚಿ, ಮೋಟರನ್ನು ಬಿಳಿ ಬಟ್ಟೆಯ ಮೇಲೆ ಇಟ್ಟ. ಎರಡು ಉಂಗುರ, ಅಷ್ಟೇ. "ನೋಡಿ. ಇದೊಂದು ನಡುಗುತ್ತೆ, ಇನ್ನೊಂದಕ್ಕೆ ಉಜ್ಜುತ್ತೆ, ಆ ಉಜ್ಜುವಿಕೆಗೇ ತಿರುಗುತ್ತೆ. ಒಣಗಿರಬೇಕು. ಇಲ್ಲಿ ನೋಡಿದ್ರೆ ಎಣ್ಣೆ ಸ್ನಾನ ಆಗಿದೆ. ಜಾರ್ತಾ ಇದೆ ಪಾಪ. ಹೋದ ಸಲನೂ ಸ್ವಲ್ಪ ಜಿಡ್ಡಿತ್ತು, ಒಳಗಿನ ಗ್ರೀಸು ಕರಗಿರಬೇಕು ಅಂದ್ಕೊಂಡಿದ್ದೆ. ಇದು ಗ್ರೀಸಲ್ಲ. ಯಾರೋ ಹೊರಗಿಂದ ಬಿಟ್ಟಿದ್ದಾರೆ. ಯಾವ ಪುಣ್ಯಾತ್ಮರು?"

ನಾನು ಬಗ್ಗಿದೆ. ಮೂಸಿ ನೋಡುವುದೇನೂ ಬೇಕಿರಲಿಲ್ಲ. ಮದುವೆಯಾದಾಗಿನಿಂದ ನನ್ನ ಸೆರಗಿಗೆ ಅಂಟಿಕೊಂಡಿರುವ ವಾಸನೆ ಅದು. ಮಿಷನ್ ಎಣ್ಣೆ. 

ಮಗಳು ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಾಯಿತು. ಆಮೇಲೆ ಡಾಕ್ಟರ ಕಡೆ ತಿರುಗಿ, ಒಂದು ಚೂರೂ ತಡವರಿಸದೆ ಹೇಳಿದಳು: "ನಾನೇ ಹಾಕಿದ್ದು. ಕೀಚುಗುಟ್ಟಬಾರದು ಅಂತ."

ಅವನು ಬಿಟ್ಟಾನೆಯೇ? ಇಷ್ಟು ವರ್ಷ ಕ್ಯಾಮೆರಾ ಹಿಡಿದವಳಿಗೆ ಇಷ್ಟೂ ಬುದ್ಧಿ ಇಲ್ಲವೇ ಅಂತ ನೀರಿಳಿಸಿಬಿಟ್ಟ. ಅಂಗಡಿಯಲ್ಲಿದ್ದ ಇನ್ನಿಬ್ಬರು ಫೋಟೋದವರು ಕಿಸಕ್ಕನೆ ನಕ್ಕರು. ಅವಳು ತಲೆ ಬಗ್ಗಿಸದೆ ಅಷ್ಟನ್ನೂ ಕೇಳಿಸಿಕೊಂಡಳು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಬೇರೆ ಮೋಟರ್ ಬರಲು ಮುಂದಿನ ವಾರ ಆಗುತ್ತದೆ ಅಂದ. ಬಾಡಿಗೆ ಲೆನ್ಸುಗಳೆಲ್ಲ ಓಟಕ್ಕೆಂದೇ ಹೋಗಿದ್ದವು. ಪತ್ರಿಕೆಯ ಲೆನ್ಸು ಕೆಲಸ ಖಾಯಂ ಆದವರಿಗೆ ಮಾತ್ರ.

"ಕೈಯಿಂದ ತಿರುಗಿಸಿದ್ರೆ ತಿರುಗುತ್ತಲ್ಲ?" ಅಂತ ಕೇಳಿದಳು.

"ತಿರುಗುತ್ತೆ. ಓಡ್ತಾ ಇರೋರನ್ನ ಈ ಕಾಲದಲ್ಲಿ ಯಾರು ಕೈಯಲ್ಲಿ ಹಿಡೀತಾರೆ?" ಅಂದ.

ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. "ಇವತ್ತು ನಿಮ್ಮಪ್ಪನಿಗೆ ಇದೆ ಮಂಗಳಾರತಿ."

"ಅಮ್ಮ, ನೀನು ಬಾಯಿ ಹಾಕಬೇಡ. ನಾನೇ ಹೇಳ್ತೀನಿ," ಅಂದಳು. ಆ ದನಿ ಕೇಳಿದರೆ ನಾನೇ ಮಗಳು, ಅವಳೇ ತಾಯಿ ಅನ್ನಬೇಕು.

ಮನೆಗೆ ಬಂದರೆ ಇವರು ಯಾರದೋ ಮಿಷನ್ನಿನೊಳಗೆ ತಲೆ ತೂರಿಸಿಕೊಂಡಿದ್ದರು. ಮಗಳು ಸ್ಟೂಲ್ ಎಳೆದು ಪಕ್ಕದಲ್ಲಿ ಕುಳಿತಳು. "ಅಪ್ಪ, ನನ್ನ ಲೆನ್ಸಿಗೂ ಬೆಳಿಗ್ಗೆ ಎಣ್ಣೆ ಬಿಡ್ತಿದ್ರಾ?"

ಇವರ ಮುಖ ಅರಳಿತು. "ಮತ್ತೆ? ಮೊದಲನೇ ಸಲ ಕೆಟ್ಟಿತಲ್ಲ, ಆವತ್ತಿಂದ ದಿನಾ ಒಂದು ತೊಟ್ಟು, ಆ ತಿರುಗೋ ಪಟ್ಟಿಯ ಸಂದಿಗೆ. ಎರಡನೇ ಸಲ ಕೆಟ್ಟ ಮೇಲೆ ಎರಡು ತೊಟ್ಟು. ನೀನು ಮಲಗಿರ್ತೀಯಲ್ಲ, ಎಬ್ಬಿಸೋದು ಯಾಕೆ ಅಂತ."

ನಾನು ತುಟಿ ಕಚ್ಚಿಕೊಂಡೆ. ಅವಳು ಮಾತ್ರ ಇವರ ತೋಳಿನ ಮೇಲೆ ಕೈಯಿಟ್ಟು ಕೇಳಿದಳು: "ಮಿಷನ್ನಿನ ಬೆಲ್ಟಿಗೆ ಎಣ್ಣೆ ಬಿದ್ರೆ ಏನಾಗುತ್ತೆ, ಅಪ್ಪ?"

"ಜಾರುತ್ತೆ. ಚಕ್ರ ಸುತ್ತುತ್ತೆ, ಸೂಜಿ ಏಳಲ್ಲ. ಬೆಲ್ಟಿಗೆ ಯಾರು ಎಣ್ಣೆ..." ಅಂದವರು ಅಲ್ಲೇ ನಿಲ್ಲಿಸಿದರು. ಅವರು ಕೆಲಸ ಬಲ್ಲವರು, ಬಿಡಿಸಿ ಹೇಳಬೇಕಿರಲಿಲ್ಲ. ಲೆನ್ಸನ್ನು ನೋಡಿದರು, ಅವಳನ್ನು ನೋಡಿದರು. ಕೈಯಲ್ಲಿದ್ದ ತಿರುಪುಳಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಬೆಲ್ಟಿಗೆ ಎಣ್ಣೆ ಹಾಕಿಬಿಟ್ಟೆನಲ್ಲ ಮಗಳೇ," ಅಂದರು.

ಆ ದಿನ ಅವರು ಊಟ ಮಾಡಲಿಲ್ಲ. ನಾನೂ ಬೈಯಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಬೈಯುವುದಕ್ಕೆ ಇಂಥ ಒಳ್ಳೆಯ ಕಾರಣ ಸಿಕ್ಕಿದ್ದೇ ಮೊದಲು, ಆದರೂ ನಾಲಿಗೆ ಏಳಲಿಲ್ಲ.

ಬೆಳಿಗ್ಗೆ ನೋಡುತ್ತೇನೆ, ಸೈಕಲ್ ಹೊರಗಿಳಿಸಿ ಬೀದಿಯಲ್ಲಿ ನಿಂತಿದ್ದಾರೆ. "ನಾನು ತುಳೀತೀನಿ, ನೀನು ಕೈಯಲ್ಲಿ ತಿರುಗಿಸಿ ಹಿಡಿ. ಬಾ," ಅಂದರು. ಅವಳು ಬೀದಿಯ ಆ ತುದಿಯಲ್ಲಿ ಮಂಡಿಯೂರಿದಳು. ಇವರು ಈ ತುದಿಯಿಂದ ತುಳಿದರು. ಬಂದ ಚಿತ್ರ ನೋಡಿ ನನಗೆ ನಗು ತಡೆಯಲಾಗಲಿಲ್ಲ, ಹಿಂದಿನ ಕರೆಂಟ್ ಕಂಬ ಕನ್ನಡಿಯಷ್ಟು ಸ್ಪಷ್ಟ, ಸವಾರ ಬರೀ ಮಸುಕು. "ಕಂಬ ಲಕ್ಷಣವಾಗಿದೆ," ಅಂದೆ. ಇವರು ನಗಲಿಲ್ಲ, ಮತ್ತೆ ತಿರುಗಿಸಿಕೊಂಡು ಹೊರಟರು.

ಓಟದ ಹಿಂದಿನ ದಿನದವರೆಗೂ ಇದೇ. ರಿಪೇರಿಗೆ ಬಂದವರು ಕಾದು ಕಾದು ಬೈದು ಹೋದರು. ಎದುರುಮನೆಯವರು, "ಏನು ಯಜಮಾನರೇ, ಈ ವಯಸ್ಸಲ್ಲಿ ರೇಸಿಗೆ ಹೆಸರು ಕೊಟ್ರಾ?" ಅಂತ ಕಿಚಾಯಿಸಿದರು. ಇವರು ಬೆವರು ಒರೆಸಿಕೊಂಡು ತುಳಿಯುತ್ತಲೇ ಇದ್ದರು, ಒಮ್ಮೆ ನಿಧಾನ, ಒಮ್ಮೆ ಜೋರು, ಒಮ್ಮೆ ಓರೆ. ಕೊನೆಗೆ ಶನಿವಾರ ಸಂಜೆ ಬಂದ ಚಿತ್ರದಲ್ಲಿ ಇವರ ಮೀಸೆಯ ಬಿಳಿಗೂದಲನ್ನು ಎಣಿಸಬಹುದಿತ್ತು.

ಭಾನುವಾರ ನಾವಿಬ್ಬರೂ ಹಗ್ಗದಾಚೆ ಜನರ ನಡುವೆ ನಿಂತಿದ್ದೆವು. ದೂರದಲ್ಲಿ ಗೆರೆಯ ಬಳಿ ಫೋಟೋದವರ ಸಾಲು, ಅದರ ಕೊನೆಯಲ್ಲಿ ಅವಳು. ಓಟದಲ್ಲಿ ಮುಂದಿದ್ದ ಇಬ್ಬರು ಹುಡುಗಿಯರು ಹೆಗಲಿಗೆ ಹೆಗಲು ಕೊಟ್ಟುಕೊಂಡು ಬಂದರು. ನನ್ನ ಪಕ್ಕದಲ್ಲಿ ಇವರು ಕಣ್ಣು ಮುಚ್ಚಿಕೊಂಡುಬಿಟ್ಟರು. ನಾನು ಮುಚ್ಚಲಿಲ್ಲ. ಓಡುವವರನ್ನಲ್ಲ, ಅವಳ ಎಡಗೈಯನ್ನೇ ನೋಡುತ್ತಿದ್ದೆ. ಅದು ಬಟ್ಟೆಯನ್ನು ಸೂಜಿಯ ಕೆಳಗೆ ಬಿಡುವ ಕೈಯ ಹಾಗೆ ಮೆಲ್ಲಗೆ ತಿರುಗುತ್ತಿತ್ತು.

ಮರುದಿನ ಪತ್ರಿಕೆ ಬಂತು. ಮುಖಪುಟ. ಗೆದ್ದವಳ ಎದೆಗೆ ದಾರ ತಾಗಿದೆ, ಸೋತವಳಿಗೆ ಅದು ಆಗಷ್ಟೇ ಗೊತ್ತಾಗಿದೆ. ಇಬ್ಬರ ರೆಪ್ಪೆಯೂ ಕಾಣುತ್ತದೆ. ಕೆಳಗೆ ನನ್ನ ಮಗಳ ಹೆಸರು. ನಾನು ಬೀದಿಯ ಅಷ್ಟೂ ಮನೆಗೆ ಹೋಗಿ ತೋರಿಸಿದೆ, ಕೇಳದವರಿಗೂ ತೋರಿಸಿದೆ. ಜಂಬ ಅಂದರೆ ಜಂಬವೇ.

ಸಂಜೆ ಅವಳು ಬಂದಳು. ಕೆಲಸ ಖಾಯಂ, ಹೆಗಲಲ್ಲಿ ಪತ್ರಿಕೆ ಕೊಟ್ಟ ಹೊಸ ಲೆನ್ಸು. ಬಾಗಿಲಲ್ಲಿದ್ದ ಇವರು ಅದನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಒಳಗೆ ಇಟ್ಟುಬಿಡು ಮಗಳೇ. ಕಪಾಟಿಗೆ ಬೀಗ ಹಾಕು. ನಾನು ಆ ಕಡೆ ಬರಲ್ಲ," ಅಂದರು.

ಅವಳು ಹೊಸ್ತಿಲಲ್ಲೇ ನಿಂತಳು. ಚೀಲ ಬಿಚ್ಚಿ ಲೆನ್ಸನ್ನು ಹೊರತೆಗೆದು, "ಒಂಚೂರು ಹಿಡ್ಕೊಳ್ಳಿ ಅಪ್ಪ, ಶೂ ಬಿಚ್ಚಬೇಕು," ಅಂತ ಚಾಚಿದಳು. ಅವರು ಅಂಗೈಗಳನ್ನು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು ತೆಗೆದುಕೊಂಡರು, ಎದೆಗೆ ಒತ್ತಿ ಹಿಡಿದು ಅಲುಗಾಡದೆ ನಿಂತರು. ಅವಳು ಶೂ ಬಿಚ್ಚಿದಳು. ಒಳಗೆ ಹೋಗಿ ಮುಖ ತೊಳೆದಳು, ಬಟ್ಟೆ ಬದಲಿಸಿದಳು, ಒಲೆಯ ಮೇಲೆ ನೀರಿಟ್ಟಳು. ಲೆನ್ಸನ್ನು ವಾಪಸ್ ಕೇಳಲು ಅವಳಿಗೆ ಯಾವ ಅವಸರವೂ ಇರಲಿಲ್ಲ.