ಎರಡು ಪಾವು ನೀರು

ನಯಾಪೈಸೆ ಬಂದ ಮರುವರ್ಷದ ಬೇಸಿಗೆ. ಸೊರಬದ ತನ್ನ ಮನೆಯಲ್ಲಿ ಮಹಾದೇವಮ್ಮ ಬೆಳಗಾಗುತ್ತಲೇ ಮಾಡುತ್ತಿದ್ದ ಮೊದಲ ಕೆಲಸ ತಂಗಿಗೆ ನೀರು ಅಳೆಯುವುದು. ಕೊಡದಿಂದ ಎರಡು ಪಾವು ಅಳೆದು, ತಂಬಿಗೆಗೆ ಹಾಕಿ, ತಟ್ಟೆ ಮುಚ್ಚಿಟ್ಟರೆ ಮುಗಿಯಿತು. ಬೆಳಗಿನಿಂದ ಮಲಗುವವರೆಗೆ ನೀಲಾಂಬಿಕೆಗೆ ಅಷ್ಟೇ. ಗಂಜಿಯನ್ನೋ ಹಾಲನ್ನೋ ಕುಡಿದರೆ ಅಷ್ಟನ್ನು ತಂಬಿಗೆಯಿಂದ ತೆಗೆಯಬೇಕು. ಹಿತ್ತಲಲ್ಲಿ ಬಾವಿ ಇಟ್ಟುಕೊಂಡು ಒಡಹುಟ್ಟಿದವಳಿಗೆ ಗುಟುಕಿನ ಲೆಕ್ಕದಲ್ಲಿ ನೀರು ಕೊಡುವ ಹಣೆಬರಹ ಶತ್ರುವಿಗೂ ಬೇಡ.

ನೀಲಾಂಬಿಕೆಯನ್ನು ಕೊಟ್ಟದ್ದು ಶಿಕಾರಿಪುರದ ಬಟ್ಟೆ ಅಂಗಡಿ ಶಿವಮೂರ್ತಪ್ಪನಿಗೆ. ಇನ್ನೂ ಮೂವತ್ತೆಂಟು ವರ್ಷ. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರು ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ಸಲ ಒಳಗೆ ರೇಡಿಯಂ ಇಟ್ಟು ತೆಗೆದಿದ್ದರು. ಆರು ವಾರ ಬಿಟ್ಟು ಇನ್ನೊಂದು ಸಲ ಇಟ್ಟರೆ ಗುಣವಾದೀತು ಎಂದಿದ್ದರು. ಗಂಡನ ಮನೆಯಲ್ಲಿ ನೋಡಿಕೊಳ್ಳಲು ಹೆಂಗಸರಿಲ್ಲವೆಂದು ಮಹಾದೇವಮ್ಮ ತಂಗಿಯನ್ನು ಸೊರಬಕ್ಕೆ ಕರೆತಂದಳು. ಬಂದು ಹದಿನೈದು ದಿನವಾಗಿರಲಿಲ್ಲ, ಮುಖ ಬಾತಿತು, ಕಾಲು ಬಾತಿತು. ಶಿಕಾರಿಪುರದ ಡಾಕ್ಟರು ನೋಡಿ, ಮೂತ್ರಪಿಂಡವೂ ಸೋಲುತ್ತಿದೆ ಎಂದರು. ಉಪ್ಪು ಬಿಡಬೇಕು, ನೀರು ದಿನಕ್ಕೆರಡು ಪಾವು. ಬಾವು ಇಳಿದರೆ ಎರಡನೇ ರೇಡಿಯಂ, ಇಳಿಯದಿದ್ದರೆ ಬೆಂಗಳೂರಿನವರು ಮುಟ್ಟುವುದಿಲ್ಲ.

ಆ ಬೆಂಗಳೂರಿನವರೋ, ರೇಡಿಯಂ ಇಟ್ಟ ಜಾಗ ಉರಿಯುತ್ತದೆ, ಚೆನ್ನಾಗಿ ನೀರು ಕುಡಿಯಿರಿ ಅಂತ ಹೇಳಿ ಕಳಿಸಿದ್ದರು! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡರ ನಡುವೆ ನೀಲಾಂಬಿಕೆ ಉರಿ ಉರಿ ಎನ್ನುತ್ತ ಚಾಪೆಯ ಮೇಲೆ ಹೊರಳುತ್ತಿದ್ದಳು.

"ಅಕ್ಕಾ, ಒಂದೇ ಗುಟುಕು."

"ಮಧ್ಯಾಹ್ನದ್ದು ಕುಡಿದು ಮುಗಿಸಿದ್ಯಲ್ಲೇ."

"ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನೀನೇ ಕಣೇ. ಬಾವೀಲಿ ನೀರು ಐತೆ, ನಿನ್ನ ಕೈಲಿಲ್ಲ."

ಮಹಾದೇವಮ್ಮ ನಗುತ್ತಿದ್ದಳು, ತಂಬಿಗೆಯ ತಟ್ಟೆ ಮಾತ್ರ ತೆಗೆಯುತ್ತಿರಲಿಲ್ಲ. ತನಗೆ ಬಾಯಾರಿದರೆ ಹಿತ್ತಲಿಗೆ ಹೋಗಿ ತಂಗಿಗೆ ಕಾಣದ ಹಾಗೆ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದಳು.

ಹೀಗಿರುವಾಗ ನೀಲಾಂಬಿಕೆಗೆ ಭಕ್ತಿ ಹೆಚ್ಚಿತು. ಮೊದಲೆಲ್ಲ ಮೂರು ಬೆರಳು ವಿಭೂತಿ ಎಳೆದು, ಲಿಂಗಕ್ಕೆ ಎರಡು ಹನಿ ನೀರು ಬಿಟ್ಟರೆ ಅವಳ ಪೂಜೆ ಮುಗಿದಂತೆಯೇ. ಈಗ ದಿನಕ್ಕೆ ಮೂರು ಹೊತ್ತು. ಗೋಡೆ ಹಿಡಿದುಕೊಂಡು ತಾನೇ ಹೋಗಿ ಗಿಂಡಿಯಲ್ಲಿ ನೀರು ತುಂಬಿಕೊಂಡು, ದೇವರ ಕೋಣೆ ಸೇರಿದರೆ ಅರ್ಧ ಗಂಟೆ ಹೊರಗೆ ಬರುತ್ತಿರಲಿಲ್ಲ.

"ಇಂಥ ನೋವಿನಾಗೂ ಎಂಥ ಭಕ್ತಿ! ನಿನ್ನ ತಂಗಿ ಶರಣೆ ಕಣೇ ಮಹಾದೇವಿ," ಎಂದು ಪಕ್ಕದ ಮನೆಯ ರಾಜೇಶ್ವರಮ್ಮ ಕೈ ಮುಗಿದಳು.

ಮಹಾದೇವಮ್ಮನಿಗೂ ಸಂತೋಷವೇ. ಒಂದು ದಿನ ಬಿಲ್ವಪತ್ರೆ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ನೀಲಾಂಬಿಕೆ ಎಡಗೈಯಲ್ಲಿ ಲಿಂಗ ಹಿಡಿದು, ಕೆಳಗೊಂದು ದೊಡ್ಡ ಬಟ್ಟಲಿಟ್ಟು, ಗಿಂಡಿಯ ನೀರನ್ನೆಲ್ಲ ಲಿಂಗದ ಮೇಲೆ ಸುರಿದಳು. ಬಟ್ಟಲು ತುಂಬಿತು. ಅದನ್ನು ಎತ್ತಿ, ಕಣ್ಣು ಮುಚ್ಚಿ, ಗಟಗಟ ಕುಡಿದುಬಿಟ್ಟಳು.

"ಅಯ್ಯೋ ನಿನ್ನ! ದೇವರನ್ನ ಮುಂದಿಟ್ಕಂಡು ಕಳ್ಳತನ ಮಾಡ್ತೀಯೇನೇ?"

ನೀಲಾಂಬಿಕೆ ಬೆಚ್ಚಿದಳು. ಆದರೆ ಬಟ್ಟಲು ಬಿಡಲಿಲ್ಲ. "ಕಳ್ಳತನ ಎಲ್ಲಿ ಬಂತು? ಇದು ಪಾದೋದಕ. ಲಿಂಗದ ತೀರ್ಥಕ್ಕೂ ಪಾವು ಹಿಡೀತೀಯಾ?"

ತೀರ್ಥ ಬೇಡವೆಂದ ಬಾಯಲ್ಲಿ ಹುಳ ಬೀಳುತ್ತದೆ ಎಂದು ಜಡೆ ಎಂಬ ಊರಿನ ತವರಿನಲ್ಲಿ ಅವ್ವ ಹೇಳಿ ಬೆಳೆಸಿದ ಮಕ್ಕಳು ಇಬ್ಬರೂ. ಮಹಾದೇವಮ್ಮ ಬಿಲ್ವಪತ್ರೆಯನ್ನು ಹೊಸ್ತಿಲ ಮೇಲಿಟ್ಟು ಹಿಂತಿರುಗಿದಳು. ಸಂಜೆ ತಂಗಿಯ ಕಾಲು ಒತ್ತುವಾಗ ಬೆರಳು ಒತ್ತಿದಲ್ಲಿ ಗುಳಿ ಬಿದ್ದು, ಎಷ್ಟು ಹೊತ್ತಾದರೂ ತುಂಬಲಿಲ್ಲ. ಬೆಂಗಳೂರಿಗೆ ಹೋಗಲು ಇನ್ನು ಹದಿನೆಂಟು ದಿನ. ಎದ್ದು ಹೋಗಿ ಗಿಂಡಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

"ಇನ್ನು ಮ್ಯಾಲೆ ಪೂಜೆ ಒಂದೇ ಹೊತ್ತು. ಲಿಂಗಕ್ಕೆ ಒಂದು ಚಮಚ ನೀರು, ಅದೂ ನಾನೇ ಹಾಕ್ತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

ನೀಲಾಂಬಿಕೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

"ಎರಡನೇ ಸಲ ರೇಡಿಯಂ ಇಟ್ರೆ ನಾನು ಉಳೀತೀನಲ್ಲಕ್ಕಾ?"

"ಉಳೀತೀಯ."

"ಹಂಗಾರೆ ಸರಿಯಾಗಿ ಅಳಿ. ನಾನು ಅತ್ರೂ ಕೊಡಬೇಡ, ಬೈದ್ರೂ ಕೊಡಬೇಡ. ಸಾಯಕ್ಕೆ ಇಷ್ಟ ಇಲ್ಲ ನಂಗೆ."

ಆಡಿದ ಮಾತಿಗೆ ತಪ್ಪಲಿಲ್ಲ ಹುಡುಗಿ. ತುಟಿ ಒಡೆದು ರಕ್ತ ಬಂತು, ನಾಲಿಗೆ ಒಣಗಿ ಮಾತು ತೊದಲಿತು, ವಾಕರಿಕೆ ಬಂದು ಉಂಡದ್ದು ನಿಲ್ಲದಾಯಿತು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೆ ಅದನ್ನು ಚೀಪುವ ಆಸೆಯಾಗುತ್ತದೆಂದು ಬಟ್ಟೆಯನ್ನೇ ಬೇಡವೆಂದಳು. ಉರಿ ಹೆಚ್ಚಾದಾಗ ಹಲ್ಲು ಕಚ್ಚಿಕೊಂಡು ದಿನ ಎಣಿಸುತ್ತಿದ್ದಳು, ಇನ್ನು ಒಂಬತ್ತು, ಇನ್ನು ಎಂಟು. ಮುಖದ ಬಾವು ಸ್ವಲ್ಪ ಇಳಿದಂತೆ ಕಂಡಿತು. ಕಂಡಿತೋ, ಕಾಣಲಿ ಎಂದು ಇಬ್ಬರೂ ನೋಡಿದರೋ, ಆ ಶಿವನಿಗೇ ಗೊತ್ತು.

ಹದಿನೆಂಟನೆಯ ದಿನ, ಬೆಂಗಳೂರಿಗೆ ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಲೆಂದು, ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದರು. ಡಾಕ್ಟರು ಪರೀಕ್ಷೆ ಮಾಡಿ, ನೀಲಾಂಬಿಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಶಿವಮೂರ್ತಪ್ಪನನ್ನೂ ಮಹಾದೇವಮ್ಮನನ್ನೂ ಒಳಗೆ ಕರೆದರು.

"ಗಡ್ಡೆ ಬೆಳೆದು ಮೂತ್ರ ಬರೋ ನಾಳಾನೇ ಒತ್ತಿಬಿಟ್ಟಿದೆ. ಎರಡೂ ಕಡೆ. ರಕ್ತದಲ್ಲಿ ವಿಷ ತುಂಬ್ತಾ ಇದೆ. ಈ ಸ್ಥಿತೀಲಿ ರೇಡಿಯಂ ಇಡೋಕಾಗಲ್ಲ."

"ಮೂತ್ರಪಿಂಡ ಮೊದಲು ಸರಿ ಮಾಡ್ರಿ, ಆಮೇಲೆ ರೇಡಿಯಂ ಇಡಲಿ," ಎಂದ ಶಿವಮೂರ್ತಪ್ಪ.

"ಗಡ್ಡೆ ಕರಗದೆ ಮೂತ್ರಪಿಂಡ ಸರಿಯಾಗಲ್ಲ. ಮೂತ್ರಪಿಂಡ ಸರಿಯಾಗದೆ ಗಡ್ಡೆ ಕರಗಿಸೋ ಹಾಗಿಲ್ಲ. ಪರದೇಶದಲ್ಲಿ ರಕ್ತ ತೊಳೆಯೋ ಮಷೀನು ಬಂದಿದೆಯಂತೆ. ನಾನು ಓದಿದ್ದು ಅಷ್ಟೇ, ಕಂಡಿಲ್ಲ."

ಮಹಾದೇವಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರೆ ಇಷ್ಟು ದಿನ ಅವಳಿಗೆ ನೀರು ಕೊಡದಂಗೆ ಸಾಯಿಸಿದ್ದು ಯಾತಕ್ರೀ? ಲಿಂಗದ ನೀರೂ ಕಿತ್ಕಂಡೆ ನಾನು!"

"ನೀವು ತಪ್ಪು ಮಾಡ್ಲಿಲ್ಲಮ್ಮ. ಇಳಿದೀತು ಅಂತ ಆಸೆ ಇತ್ತು." ಡಾಕ್ಟರು ತಲೆ ತಗ್ಗಿಸಿದರು. "ಇನ್ನು ಹತ್ತು ಹದಿನೈದು ದಿನ. ಕೇಳಿದ್ದು ಕೊಡಿ."

ಶಿವಮೂರ್ತಪ್ಪನ ಮನೆ ಅಂಗಡಿಯ ಹಿಂದೆಯೇ ಇತ್ತು. ನೀಲಾಂಬಿಕೆಯನ್ನು ಪಡಸಾಲೆಯಲ್ಲಿ ಕಂಬಕ್ಕೆ ಒರಗಿಸಿ ಕೂರಿಸಿದರು. ಡಾಕ್ಟರು ಏನಂದರೆಂದು ಅವಳು ಕೇಳಿದ್ದಕ್ಕೆ, ಆಮೇಲೆ ಹೇಳ್ತೀನಿ ಇರು ಎಂದು ಮಹಾದೇವಮ್ಮ ನೇರ ಅಡುಗೆಮನೆಗೆ ಹೋದಳು. ಇದೊಂದಾದರೂ ನನ್ನ ಕೈಲಾಗುತ್ತದಲ್ಲ ಎಂದು ದೊಡ್ಡ ತಂಬಿಗೆಯ ತುಂಬ ತಣ್ಣೀರು ಮೊಗೆದು ತಂದು ತಂಗಿಯ ಕೈಗಿಟ್ಟಳು.

"ಕುಡಿ ನೀಲಾ. ಹೊಟ್ಟೆ ತುಂಬ ಕುಡಿ."

ನೀಲಾಂಬಿಕೆ ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ಒಯ್ದಳು. ಒಯ್ದವಳು ನಿಲ್ಲಿಸಿದಳು. ತುಂಬಿದ ತಂಬಿಗೆ ನೋಡಿದಳು, ಅಕ್ಕನ ಮುಖ ನೋಡಿದಳು. ಗಂಡನ ಕಡೆ ತಿರುಗಿದರೆ ಅವನು ಅಂಗಡಿಯ ಬಾಗಿಲ ಕಡೆ ಮುಖ ಮಾಡಿದ.

"ಡಾಕ್ಟರು ಕುಡೀಬೋದು ಅಂದ್ರು," ಎಂದಳು ಮಹಾದೇವಮ್ಮ.

ನೀಲಾಂಬಿಕೆ ತಂಬಿಗೆಯನ್ನು ನೆಲಕ್ಕಿಟ್ಟಳು.

"ಅಳತೆ ಮಾಡಿ ಕೊಡಕ್ಕಾ."

"ನೀಲಾ..."

"ಪಾವು ತಗಂಬಾ! ದಿನಾ ಹೆಂಗೆ ಕೊಡ್ತಿದ್ಯೋ ಹಂಗೇ ಕೊಡು. ಹೆಚ್ಚಿಗೆ ನಂಗೆ ಬ್ಯಾಡ, ಬ್ಯಾಡ!" ಎಂದು ಕೂಗಿಕೊಂಡಳು.

ಮಹಾದೇವಮ್ಮ ಒಳಗೆ ಹೋಗಿ ಅಕ್ಕಿಯ ಡಬ್ಬಿಯಿಂದ ಪಾವು ತೆಗೆದು ತಂದು ತಂಗಿಯ ಎದುರಿಗೇ ಕುಳಿತು ಅಳೆದಳು. ನೀರು ಅಂಚು ಮೀರಿತು. ನೀಲಾಂಬಿಕೆ ಒಡೆದ ತುಟಿ ಸವರಿಕೊಳ್ಳುತ್ತ ಬಗ್ಗಿ ನೋಡಿ, "ಜಾಸ್ತಿ ಆತು, ಚೆಲ್ಲು," ಎಂದಳು.

ಮಹಾದೇವಮ್ಮ ಚೆಲ್ಲಿದಳು.