ಅಟ್ಟದಲ್ಲಿ ಇಲ್ಲದ ಗೋಡೆ

ಮನೆ ಬೆಚ್ಚಗಾಗಿಸುವ ಹೀಟ್ ಪಂಪ್ ಕೂರಿಸಲು ಬಂದಿದ್ದ ಜುನೈದ್ ಅಟ್ಟದ ಏಣಿಯಿಂದ ಇಳಿದು ಬಂದಾಗ ಅವನ ನರೆತ ಗಡ್ಡಕ್ಕೆಲ್ಲ ನೂರು ವರ್ಷದ ಮಸಿ ಮೆತ್ತಿಕೊಂಡಿತ್ತು. ಬೆರಿಲ್ ಅಡುಗೆಮನೆಯಲ್ಲಿ ಕೋಟು ತೊಟ್ಟುಕೊಂಡೇ ಚಹಾ ಬಗ್ಗಿಸುತ್ತಿದ್ದಳು. ಮನೆ ಕಾಯಿಸುತ್ತಿದ್ದ ಹಳೆಯ ಬಾಯ್ಲರ್ ಸತ್ತು ಹನ್ನೆರಡು ದಿನವಾಗಿತ್ತು. ಉಸಿರು ಬಿಟ್ಟರೆ ಹೊಗೆಯಂತೆ ಕಾಣುತ್ತಿತ್ತು.

"ಆಂಟಿ, ಮೇಲೆ ಗೋಡೆನೇ ಇಲ್ವಲ್ಲ," ಎಂದ ಅವನು.

ಈ ಸಾಲುಮನೆಗಳನ್ನು ಕಟ್ಟಿದವರು ಮಲಗುವ ಕೋಣೆಯ ಸೂರಿನವರೆಗೆ ಮಾತ್ರ ನಡುಗೋಡೆ ಎಬ್ಬಿಸಿ ನಿಲ್ಲಿಸಿಬಿಟ್ಟಿದ್ದರಂತೆ. ಅದರ ಮೇಲೆ ಅಟ್ಟ ಪಕ್ಕದ ಮನೆಗೂ ಒಂದೇ. ತೆರೆದ ಅಟ್ಟದಲ್ಲಿ ಹೀಟ್ ಪಂಪ್ ಕೂರಿಸುವಂತಿಲ್ಲ, ಬೆಂಕಿಗೂ ಸದ್ದಿಗೂ ಕಾನೂನಿದೆ ಎಂದ. ಮಾಡಿಗೆ ಮುಟ್ಟುವಷ್ಟು ಗೋಡೆ ಏರಿಸಬೇಕು. ಗೋಡೆ ಇಬ್ಬರದ್ದೂ ಆದ್ದರಿಂದ ಪಕ್ಕದವರು ಒಪ್ಪಿ ಬರೆದುಕೊಡಬೇಕು.

"ಒಂದ್ ಸಹಿ ಅಷ್ಟೆ. ಈ ಚಹಾ ಆರೋದ್ರೊಳಗೆ ತಂದ್ಬಿಡ್ತೀರ. ನಾಳೆ ಬುಧವಾರ ಗೋಡೆ, ಗುರುವಾರ ಪಂಪು. ಶುಕ್ರವಾರ ಅಂಕಲ್ ಬರೋ ಹೊತ್ತಿಗೆ ನೀವು ಈ ಕೋಟು ಬಿಚ್ಚಿರ್ತೀರ."

ಬೆರಿಲ್ ಲೋಟವನ್ನು ಅವನ ಕೈಗೆ ಕೊಟ್ಟು ಕಿಟಕಿಯತ್ತ ನೋಡಿದಳು.

ಅವಳ ಗಂಡ ಡೆಸ್ ಹತ್ತೊಂಬತ್ತು ದಿನದಿಂದ ಹ್ಯಾಲಿಫ್ಯಾಕ್ಸ್‌ನ ಆಸ್ಪತ್ರೆಯಲ್ಲಿದ್ದ. ಅವನ ಶ್ವಾಸಕೋಶ ಇನ್ನು ಸುಧಾರಿಸುವಂಥದ್ದಲ್ಲ. ಡಾಕ್ಟರು ಕೆಲವು ವಾರ ಎಂದಿದ್ದರು. ಅವನು ಕೇಳಿದ್ದು ಒಂದೇ, ತನ್ನ ಹಾಸಿಗೆಯಲ್ಲಿ ಸಾಯಬೇಕು. ಮನೆ ಬೆಚ್ಚಗಿದ್ದರೆ ಶುಕ್ರವಾರ ಕಳಿಸುತ್ತೇವೆ, ಇಲ್ಲದಿದ್ದರೆ ಆರೈಕೆ ಕೇಂದ್ರಕ್ಕೆ ಎಂದು ವಾರ್ಡಿನ ನರ್ಸ್ ಹೇಳಿದ್ದಳು. ಅಲ್ಲಿಗೆ ಹೋದವರು ಮನೆಗೆ ಬಂದದ್ದನ್ನು ಬೆರಿಲ್ ಕಂಡಿರಲಿಲ್ಲ. ಎರಡು ಹೀಟರ್ ಹಚ್ಚಿಟ್ಟರೂ ಮಲಗುವ ಕೋಣೆಯ ತೇವ ಆರುತ್ತಿರಲಿಲ್ಲ. ಅವನಿಗಿಡುವ ಆಕ್ಸಿಜನ್ ಹತ್ತಿರ ಬೆಂಕಿ ಉರಿಸುವಂತಿಲ್ಲ. ಪಂಪನ್ನು ಹೊರಗಿಡೋಣವೆಂದರೆ ಹಿತ್ತಿಲಿಲ್ಲ, ಮನೆಯ ಬೆನ್ನಿಗೆ ಇನ್ನೊಂದು ಮನೆ, ಮುಂಬಾಗಿಲು ತೆರೆದರೆ ಬೀದಿ. ಉಳಿದದ್ದು ಅಟ್ಟ. ಪಂಪಿಗಾಗಿ ಶರತ್ಕಾಲದಲ್ಲಿ ಸರ್ಕಾರಕ್ಕೆ ಕೊಟ್ಟ ಅರ್ಜಿಗೆ ಈಗ ಸರದಿ ಬಂದಿತ್ತು.

ಮತ್ತು ಪಕ್ಕದ ಮನೆಯಲ್ಲಿ ಕ್ಲಿಫ್ ಹೇಗ್ ಇದ್ದ. ಹನ್ನೊಂದು ವರ್ಷದಿಂದ ಮಾತಿಲ್ಲ.

ಜುನೈದ್ ಚಹಾ ಕುಡಿಯುತ್ತಿದ್ದಾಗ ಅವಳು ಏಣಿ ಹತ್ತಿದಳು. ಅವನು ಬೇಡವೆಂದರೂ ಕೇಳಲಿಲ್ಲ. ಅವನ ದೀಪದ ಬೆಳಕು ತಮ್ಮ ತೊಲೆಗಳನ್ನು ದಾಟಿ ತಡೆಯಿಲ್ಲದೆ ಆಚೆಗೆ ಹರಿದಿತ್ತು. ಆಚೆ ಮ್ಯಾವಿಸ್‌ಳ ಟೋಪಿಯ ದುಂಡು ಪೆಟ್ಟಿಗೆಗಳಿದ್ದವು. ಕ್ಲಿಫ್ ತೀರಿಹೋದ ತನ್ನ ಹೆಂಡತಿಯ ಒಂದು ವಸ್ತುವನ್ನೂ ಎಸೆದಿರಲಿಲ್ಲ. ಬೀದಿಯಲ್ಲಿ ಎದುರಾದರೆ ಇಬ್ಬರೂ ಚೀಲದೊಳಗೆ ಏನೋ ಹುಡುಕುವವರಂತೆ ತಲೆ ಬಗ್ಗಿಸುತ್ತಿದ್ದ ಅಷ್ಟೂ ವರ್ಷ, ಇಲ್ಲಿ ಮೇಲೆ ಎರಡು ಮನೆಯ ಗಾಳಿ ಒಂದೇ ಆಗಿತ್ತು.

ಅವಳು ಇಳಿದು ಕಾಗದ ಹಿಡಿದುಕೊಂಡು ಹೋಗಿ ಪಕ್ಕದ ಬಾಗಿಲು ತಟ್ಟಿದಳು.

ಕ್ಲಿಫ್ ಬಾಗಿಲು ತೆರೆದ. ಮುದುಕನಾಗಿದ್ದ. ಸ್ವೆಟರ್ ತಿರುವುಮುರುವಾಗಿತ್ತು.

"ಡೆಸ್ ಹೋಗ್ಬಿಟ್ನಾ?" ಎಂದ. "ಮೂರು ವಾರ ಆಗ್ತಾ ಬಂತು, ಕೆಮ್ಮು ಕೇಳಿಸ್ತಿಲ್ಲ."

ಇಲ್ಲ, ಆಸ್ಪತ್ರೆಯಲ್ಲಿದ್ದಾನೆ ಎಂದು ಅವಳು ಕಾಗದ ಚಾಚಿದಳು. ಅಟ್ಟ, ಗೋಡೆ, ಶುಕ್ರವಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಕನ್ನಡಕ ಹುಡುಕಿ ತಂದು, ಹೊಸ್ತಿಲಲ್ಲೇ ನಿಂತು ಕೊನೆಯ ಸಾಲಿನವರೆಗೆ ಓದಿದ.

"ಎಷ್ಟು ಸದ್ದು ಮಾಡುತ್ತೆ ಇದು?"

ಫ್ರಿಜ್ಜಿನಷ್ಟು ಎಂದು ಜುನೈದ್ ಹೇಳಿಕೊಟ್ಟಿದ್ದ. ಅವಳು ಅದನ್ನೇ ಹೇಳಿದಳು.

"ನಾನೂ ನಿನ್ನ ಬಾಗಿಲಿಗೆ ಬಂದು ಹಿಂಗೇ ನಿಂತಿದ್ದೆ," ಎಂದ ಕ್ಲಿಫ್. "ನಾಲ್ಕೇ ದಿನ ಊದಬೇಡ ಅಂತ ಹೇಳು ಅವನಿಗೆ ಅಂತ. ಸಾಯೋ ಹಾಸಿಗೇಲಿ ಮ್ಯಾವಿಸ್ ಆ ಸದ್ದಿಗೆ ಅತ್ತು ಅತ್ತು ದಿಂಬು ಕಚ್ಕೊಂಡಿದ್ಲು. ಅವನು ನಿಲ್ಲಿಸಲಿಲ್ಲ."

ಡೆಸ್ ಊರಿನ ಬ್ಯಾಂಡಿನಲ್ಲಿ ತುತ್ತೂರಿಯಂಥ ಕಾರ್ನೆಟ್ ಊದುತ್ತಿದ್ದ. ಆ ವರ್ಷ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಅವನೊಬ್ಬನೇ ಊದುವ ಭಾಗ ಅವನ ಪಾಲಿಗೆ ಬಂದಿತ್ತು. ಸ್ಪರ್ಧೆ ಇದ್ದದ್ದು ಶನಿವಾರ, ಆ ವಾರವೆಲ್ಲ ಅವನು ಮನೆಯಲ್ಲೇ ಊದಿ ರೂಢಿಸಿಕೊಳ್ಳುತ್ತಿದ್ದ. ಮ್ಯಾವಿಸ್ ತೀರಿಕೊಂಡದ್ದು ಶುಕ್ರವಾರ. ಬೆರಿಲ್ ಸುಮ್ಮನಿದ್ದರೂ ಆಗುತ್ತಿತ್ತು, ಹನ್ನೊಂದು ವರ್ಷ ಸುಮ್ಮನಿದ್ದವಳು. ಆದರೆ ಕ್ಲಿಫ್‌ನ ಮುಖ ನೋಡುತ್ತ ಅವಳಿಂದ ಆಗಲಿಲ್ಲ.

"ಅವನಿಗೆ ನಾನು ಹೇಳಲೇ ಇಲ್ಲ ಕ್ಲಿಫ್. ನೀವು ಬಂದಿದ್ದೂ ಅವನಿಗೆ ಗೊತ್ತಿಲ್ಲ. ಗೊತ್ತಾಗಿದ್ರೆ ಕಾರ್ನೆಟ್ ಪೆಟ್ಟಿಗೆಗೆ ಹಾಕಿ ಸ್ಪರ್ಧೆಗೇ ಹೋಗ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ."

ಕ್ಲಿಫ್ ಕಾಗದವನ್ನು ಹಿಡಿದುಕೊಂಡೇ ಬಾಗಿಲು ಮುಚ್ಚಿದ.

ಬೆರಿಲ್ ಬೀದಿಯಲ್ಲಿ ನಿಂತಿದ್ದಳು. ಮತ್ತೆ ತಟ್ಟಿದಳು. ಆಮೇಲೆ ಅಂಗೈ ಊರಿ ಆ ಬಾಗಿಲಿಗೆ ಹಣೆ ಒತ್ತಿ, ದಯವಿಟ್ಟು, ದಯವಿಟ್ಟು ಎಂದಳು. ಒಳಗೆ ಗಡಿಯಾರ ಬಿಟ್ಟರೆ ಏನೂ ಕೇಳಿಸಲಿಲ್ಲ. ಜುನೈದ್ ಬಂದು ಅವಳ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಬೆಳಿಗ್ಗೆ ಬರ್ತೀನಿ, ಆಗದಿದ್ರೆ ಸಾಮಾನು ಬೇರೆ ಮನೆಗೆ ಹೋಗುತ್ತೆ ಆಂಟಿ ಎಂದು ನೆಲ ನೋಡಿಕೊಂಡು ಹೇಳಿದ.

ಬೆಳಿಗ್ಗೆ ಅವನು ತನ್ನ ಸಲಕರಣೆ ತರಲೆಂದು ಅಟ್ಟ ಹತ್ತಿದವನು ಮೇಲಿಂದಲೇ ಕರೆದ. ಟೋಪಿಯ ಪೆಟ್ಟಿಗೆಗಳೆಲ್ಲ ಹಿಂದಕ್ಕೆ ಸರಿದಿದ್ದವು. ಗೋಡೆ ಬರಬೇಕಾದ ಜಾಗವನ್ನು ಯಾರೋ ಗುಡಿಸಿದ್ದರು. ಕಾಗದ ಅಲ್ಲಿತ್ತು, ಮೇಲೊಂದು ಇಟ್ಟಿಗೆ. ಸಹಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: ಅವನಿಗೆ ಹೇಳು.

ಶುಕ್ರವಾರ ಡೆಸ್ ಬಂದ. ಇಬ್ಬರು ಕುರ್ಚಿಯ ಸಮೇತ ಎತ್ತಿ ತಂದು ಮಲಗಿಸಿದರು. ಕೋಣೆ ಬೆಚ್ಚಗಿತ್ತು. ಮೇಲಿಂದ ಪಂಪಿನ ಗುಂಯ್ ಎಂಬ ಸಣ್ಣ ಸದ್ದು ಇಳಿಯುತ್ತಿತ್ತು. "ಬೇಸಿಗೆ ತಂದಿಟ್ಟಿದೀಯಲ್ಲೇ," ಎಂದು ಅವನು ಮೂಗಿನ ನಳಿಕೆಯ ಕೆಳಗೆ ನಕ್ಕ.

ಅವಳು ಹೇಳಿದಳು. ಮಂಚದ ಅಂಚಿನಲ್ಲಿ ಕೂತು, ಮೊದಲಿಂದ ಕೊನೆಯವರೆಗೆ, ಏನನ್ನೂ ಮುಚ್ಚಿಡದೆ.

ಡೆಸ್ ಕ್ಲಿಫ್‌ನ ಮನೆ ಕಡೆಯ ಗೋಡೆಗೆ ಹೊರಳಿದ. ಅಷ್ಟಕ್ಕೇ ಉಸಿರು ಸಾಲದಾಯಿತು.

"ಆರಿಸು ಅದನ್ನ. ಆಚೆ ಅವನಿಗೆ ಕೇಳಿಸುತ್ತೆ."

"ಚಳಿ ಆಗುತ್ತೆ ಡೆಸ್."

"ಆರಿಸು ಅಂದೆ."

ಅವಳು ಎದ್ದು ಗುಂಡಿ ಒತ್ತಿದಳು. ಸದ್ದು ನಿಂತಿತು. ಅವನ ಉಸಿರು ಮಾತ್ರ ಉಳಿಯಿತು. ಗಂಟೆಯೊಳಗೆ ಕಿಟಕಿಯ ಗಾಜು ತಣ್ಣಗಾಯಿತು. ಅವಳು ಕೋಟು ತಂದು ಅವನ ಮೇಲೆ ಹೊದಿಸಿದಳು. ಆಮೇಲೆ ಕೆಮ್ಮು ಶುರುವಾಯಿತು. ಎದೆ ಕಿತ್ತುಬರುವಂಥ ಕೆಮ್ಮು.

ಆಚೆ ಕುರ್ಚಿ ಸರಿದ ಸದ್ದಾಯಿತು. ಗೋಡೆಯ ಮೇಲೆ ಮೂರು ಗುದ್ದು ಬಿದ್ದವು.

"ಬೆರಿಲ್, ಯಾಕೆ ನಿಂತೋಯ್ತು ಅದು? ಹಾಕು ಮೊದ್ಲು."

ಅವಳು ಗುಂಡಿಯ ಮೇಲೆ ಬೆರಳಿಟ್ಟು ಡೆಸ್‌ನ ಬೆನ್ನು ನೋಡಿದಳು.

"ಕೇಳಿಸ್ತಲ್ಲ," ಎಂದ ಅವನು ಕೆಮ್ಮಿನ ನಡುವೆ. "ಅವನು ಹೇಳಿದ್ಮೇಲೆ ಹಾಕು."

ಸದ್ದು ಮತ್ತೆ ಮೇಲಿಂದ ಇಳಿಯಿತು. ಡೆಸ್ ಕೈ ಚಾಚಿ ಗೋಡೆಯನ್ನು ಮುಟ್ಟಿದ, ಹಾಗೇ ಇಟ್ಟುಕೊಂಡ. ಬೆರಿಲ್ ಕಾದಳು. ಅವನು ಈ ಕಡೆ ತಿರುಗಲಿಲ್ಲ.