ವಿಶಾಲಮ್ಮ ನೆಲಕ್ಕೆ ಕೂತ ಎರಡು ದಿನ

ರಮ್ಯಾ ಮಂಚದಡಿಗೆ ಕೈ ಹಾಕಿ ಕಾಜಳನ್ನು ಎಳೆದುಕೊಳ್ಳುವ ಹೊತ್ತಿಗೆ ಅಂಗಳದಲ್ಲಿ ತಮಟೆ ಶುರುವಾಯಿತು. ಹದಿನಾರು ವರ್ಷದ ಮುದಿ ಬೆಕ್ಕು ಬೆಚ್ಚಿ ಅವಳ ತೋಳಿಗೆ ಉಗುರು ಊರಿತು. ಅವಳು ಬಿಡಲಿಲ್ಲ. ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಳು.

"ಅದನ್ನ ಮೊದ್ಲು ಆಚೆ ಹಾಕಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಸರಸ್ವತಮ್ಮ. ತೀರಿಕೊಂಡ ವಿಶಾಲಮ್ಮನ ನಾದಿನಿ. ಬೆಳಿಗ್ಗೆಯಷ್ಟೇ ಮಗನ ಜೊತೆ ಹೊಸಕೋಟೆಯಿಂದ ಬಂದಿದ್ದರು. "ಹೆಣ ದಾಟಿಬಿಟ್ರೆ ಏನ್ ಗತಿ? ಲೋಹಿತ್, ಒಂದು ಗೋಣಿಚೀಲ ನೋಡೋ. ನಾಲ್ಕೂ ಬೆಕ್ಕನ್ನ ತುಂಬಿ ಕಲಾಸಿಪಾಳ್ಯದ ಮಾರ್ಕೆಟ್ಟಲ್ಲಿ ಬಿಟ್ಬಂದ್ಬಿಡು."

"ಇವಳಿಗೆ ನಡೆಯೋದೇ ಕಷ್ಟ ಅಮ್ಮ. ಮಾರ್ಕೆಟ್ಟಲ್ಲಿ ಒಂದು ದಿನ ಉಳಿಯಲ್ಲ. ಮಣ್ಣು ಮುಗಿಯೋವರೆಗೂ ನಮ್ಮನೇಲಿ ಇಟ್ಕೋತೀನಿ," ಎಂದಳು ಅದೇ ವಠಾರದ ರಮ್ಯಾ.

"ಆಮೇಲೆ?"

ರಮ್ಯಾ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ ಹೊರಗೆ ನಡೆದಳು.

ಚಾಮರಾಜಪೇಟೆಯ ಆ ವಠಾರದ ಮೊದಲ ಮನೆಯಲ್ಲಿ ವಿಶಾಲಮ್ಮ ಇಪ್ಪತ್ತೈದು ವರ್ಷ ಬ್ಲೌಸ್ ಹೊಲಿದಿದ್ದರು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಬೆಕ್ಕುಗಳಿಗೂ ಹೊಲಿಗೆಯ ಹೆಸರೇ ಇಟ್ಟಿದ್ದರು: ಕಾಜ, ಗುಂಡಿ, ಫಾಲ್, ಪಿಕೋ. ನಿನ್ನೆ ಸಂಜೆ ಮಿಷಿನ್ನಿನ ಮುಂದೆ ಕೂತವರು ಎದೆ ಹಿಡಿದುಕೊಂಡು ಹಾಗೇ ಒರಗಿದರು.

ಶಾಮಿಯಾನದ ಕೆಳಗೆ ಇಬ್ಬರು ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. "ಅಳತೆ ತಗೊಳ್ಳೋವಾಗ ದಪ್ಪ ಆಗಿದೀಯ ಅಂತ ಒಂದ್ಸಲನೂ ಅಂದೋರಲ್ಲ ಕಣೇ," ಎಂದಳು ಒಬ್ಬಳು. "ಒಳಗೆ ಬಟ್ಟೆ ಬಿಟ್ಟಿದೀನಿ, ಬೇಕಾದಾಗ ಬಿಚ್ಕೋ ಅನ್ನೋರು. ಅಷ್ಟೇ."

ಬೆಕ್ಕನ್ನು ಹೊತ್ತು ಅವರನ್ನು ದಾಟಿ ಹೋಗುವಾಗ ರಮ್ಯಾಗೆ ದುಃಖ ಒತ್ತಿ ಬಂತು.

*

ಮೂರು ವರ್ಷದ ಹಿಂದೆ ಇದೇ ಕಾಜ ವಠಾರದವರ ಹೊಸಿಲುಗಳ ಮೇಲೆಲ್ಲ ಉಚ್ಚೆ ಹುಯ್ಯತೊಡಗಿತ್ತು. ನಾಲ್ಕೂ ಬೆಕ್ಕಿಗೆ ಮಿಷಿನ್ನಿನ ಹಿಂದೆ ಒಂದೇ ಮರಳಿನ ಟಬ್ಬು. ಅಷ್ಟು ದಿನ ಅಲ್ಲಿಗೇ ಹೋಗುತ್ತಿದ್ದ ಕಾಜ ಅದನ್ನು ಬಿಟ್ಟೇಬಿಟ್ಟಿತ್ತು. ಒಂದು ಬೆಳಿಗ್ಗೆ ರಮ್ಯಾಳ ಗಂಡ ವೇಣು ಶೂಗೆ ಕಾಲು ಹಾಕಿದವನು ವಠಾರ ಎದ್ದು ಕೂರುವಂತೆ ಕೂಗಿದ.

"ಇನ್ನೊಂದ್ಸಲ ಆದ್ರೆ ನಾನೇ ಎತ್ಕೊಂಡೋಗಿ ಎಲ್ಲಾದ್ರೂ ಬಿಟ್ಬರ್ತೀನಿ, ನೋಡ್ತಿರಿ!"

"ಎಂಟು ದಿನ ಕೊಡಪ್ಪ," ಎಂದು ವಿಶಾಲಮ್ಮ ಆ ಶೂವನ್ನು ತಾವೇ ತೊಳೆದುಕೊಟ್ಟರು.

ಮೊದಲು ಪ್ರಾಣಿಗಳ ಆಸ್ಪತ್ರೆಗೆ ಒಯ್ದರು. ಮೂತ್ರದಲ್ಲೇನೂ ತೊಂದರೆಯಿಲ್ಲ, ಹಿಂಗಾಲಿನ ಕೀಲು ಸವೆದಿದೆ ಎಂದು ಡಾಕ್ಟರು ನೋವಿನ ಔಷಧಿ ಬರೆದರು. ಆಮೇಲೆ ಎರಡು ದಿನ ವಿಶಾಲಮ್ಮ ಮಿಷಿನ್ ಮುಟ್ಟಲಿಲ್ಲ. ತೊಡೆಯ ಮೇಲೆ ಕೈಹೊಲಿಗೆ ಇಟ್ಟುಕೊಂಡು, ಗೋಡೆಗೊರಗಿ ನೆಲಕ್ಕೆ ಕೂತುಬಿಟ್ಟರು. ಬ್ಲೌಸ್ ಕೇಳಲು ಹೋದ ರಮ್ಯಾಗೆ, "ಶ್! ಇಲ್ಲಿ ಕೂತ್ಕೊ, ನೋಡು," ಎಂದರು.

ಕಾಜ ಟಬ್ಬಿನ ಹತ್ತಿರ ಬಂತು. ಅಂಚಿನ ಮೇಲೆ ಮುಂಗಾಲಿಟ್ಟು ತೆಗೆಯಿತು. ಮತ್ತೆ ಇಟ್ಟಿತು. ಹೇಗೋ ಒಳಗಿಳಿದು ಕೂರುವಷ್ಟರಲ್ಲಿ ಮಿಷಿನ್ನಿನ ಕೆಳಗೆ ಹೊಂಚು ಹಾಕಿದ್ದ ಮರಿ ಪಿಕೋ ಅದರ ಮೇಲೆ ಹಾರಿತು. ಕಾಜ ಬಿದ್ದು ಎದ್ದು ಓಡಿತು.

"ನೋಡಿದ್ಯಾ? ನಾವೆಲ್ಲ ಕೊಬ್ಬು ಅಂತಿದ್ವಿ," ಎಂದರು ವಿಶಾಲಮ್ಮ. ಅವರ ಕಣ್ಣು ತುಂಬಿತ್ತು. "ಹೋಗೋ ಮನಸ್ಸಿದೆ ಅದಕ್ಕೆ. ದಾರಿ ಇಲ್ಲ."

ಎರಡು ಕೋಣೆಯ ಆ ಮನೆಗೆ ಬೆಕ್ಕಿಗೊಂದು, ಮೇಲೊಂದು ಎಂದು ಐದು ಟಬ್ಬು ಬಂದವು. ಒಂದರ ಅಂಚನ್ನು ಕಾದ ಚಾಕುವಿನಿಂದ ಎರಡು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿ, ಯಾರಾದರೂ ಮೇಲೆ ಬಿದ್ದರೆ ಎರಡು ಕಡೆಗೂ ಓಡಲು ಬರುವಂಥ ಜಾಗದಲ್ಲಿಟ್ಟರು. ಬೆಳಿಗ್ಗೆ ಸಂಜೆ ಗಲೀಜಾದ ಮರಳನ್ನು ಬಳಿದು ತೆಗೆದರು. ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಮರಳುತ್ತದೆಂದು ಎಲ್ಲರ ಹೊಸಿಲನ್ನೂ ಅಂಗಡಿಯಿಂದ ತಂದ ದ್ರಾವಣದಲ್ಲಿ ಉಜ್ಜಿದರು. ಆರನೆಯ ದಿನ ಕಾಜ ಮತ್ತೊಮ್ಮೆ ವೇಣುವಿನ ಬಾಗಿಲಲ್ಲೇ ತಪ್ಪಿತು. ಅವನು ಏಳುವ ಮೊದಲೇ ವಿಶಾಲಮ್ಮ ಬಂದು ಒರೆಸುತ್ತಿದ್ದುದನ್ನು ರಮ್ಯಾ ಕಿಟಕಿಯಿಂದ ನೋಡಿದಳು. ಗಂಡನಿಗೆ ಹೇಳಲಿಲ್ಲ. ಆಮೇಲೆ ಹೇಳುವಂಥದ್ದು ನಡೆಯಲೂ ಇಲ್ಲ.

*

ಹೋದ ವರ್ಷ ರಮ್ಯಾಳ ಮಾವ ಮುನಿಗಂಗಪ್ಪನವರ ಸರದಿ. ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ ಮಾಡಿ, ಒಬ್ಬರ ಮುಂದೆಯೂ ತಲೆ ತಗ್ಗಿಸದ ಮನುಷ್ಯ. ಒದ್ದೆ ಪಂಚೆಗಳನ್ನು ಮಂಚದ ಹಿಂದೆ ಬಚ್ಚಿಡತೊಡಗಿದರು. ಗೇಟಿನಾಚೆ ಹೋಗುವುದನ್ನೇ ನಿಲ್ಲಿಸಿದರು. ವೇಣು ರೇಗಿದ. ರಮ್ಯಾ ಒಗೆಯುತ್ತಾ ಅತ್ತಳು.

ಒಂದು ದಿನ ವಿಶಾಲಮ್ಮ ಬಟ್ಟೆಯ ಗಂಟಿನೊಂದಿಗೆ ಬಂದು ಮುನಿಗಂಗಪ್ಪನವರ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಕೂತರು. ಹೆಮ್ಮಿಂಗ್ ಮಾಡುತ್ತಾ ಹಳೆಯ ಮಾರ್ಕೆಟ್ಟಿನ ಕತೆ ಕೇಳಿದರು. ಮರುದಿನವೂ ಬಂದರು. ಹೊರಡುವಾಗ ರಮ್ಯಾಳನ್ನು ಪಕ್ಕಕ್ಕೆ ಕರೆದರು.

"ಬಚ್ಚಲಿನ ಚಿಲಕ ಬಿಗಿ, ಅವರ ಕೈಗೆ ಬರಲ್ಲ. ಚಡ್ಡಿ ಲಾಡಿ ಬಿಚ್ಚೋಷ್ಟರಲ್ಲಿ ಆಗ್ಬಿಡುತ್ತೆ. ಬೆಳಿಗ್ಗೆ ಅರ್ಧ ಗಂಟೆ ನಿನ್ನ ಗಂಡನೇ ಒಳಗಿರ್ತಾನೆ. ಡಾಕ್ಟರಿಗೆ ಒಂದ್ಸಲ ತೋರಿಸಿ. ಬೈಬೇಡಿ ಮಾತ್ರ."

ವಾರದೊಳಗೆ ಎಲಾಸ್ಟಿಕ್ ಹಾಕಿದ ನಾಲ್ಕು ಪೈಜಾಮ ಹೊಲಿದು ತಂದರು. "ಗಂಗಪ್ಪಣ್ಣ, ಬಟ್ಟೆ ಮಿಕ್ಕಿತ್ತು," ಎಂದರು.

*

ಮಣ್ಣಿನ ದಿನ ಮಧ್ಯಾಹ್ನದ ಹೊತ್ತಿಗೆ ಸರಸ್ವತಮ್ಮನ ಮಗ ಲೋಹಿತ್ ಎರಡು ಬೆಕ್ಕು ಹಿಡಿದು ಚೀಲದ ಬಾಯಿ ಕಟ್ಟಿದ್ದ. ಚೀಲ ಒದ್ದಾಡುತ್ತಾ ಅರಚುತ್ತಿತ್ತು. ಮುನಿಗಂಗಪ್ಪ ಕೋಲೂರಿಕೊಂಡು ಮನೆಯಿಂದ ಹೊರಗೆ ಬಂದರು.

"ಅದನ್ನ ಬಿಚ್ಚಪ್ಪ."

"ನೋಡ್ಕೊಳ್ಳೋರು ಯಾರು ಯಜಮಾನ್ರೇ?" ಎಂದರು ಸರಸ್ವತಮ್ಮ. "ಆ ಮುದಿದಂತೂ ಎಲ್ಲೆಂದರಲ್ಲಿ ಗಲೀಜು ಮಾಡುತ್ತಂತಲ್ಲ."

"ನಾನೂ ಮಾಡ್ತಿದ್ದೆ ತಾಯಿ."

ತಮಟೆಯವರು ಆಗಷ್ಟೇ ನಿಲ್ಲಿಸಿದ್ದರು. ಮಾತು ಇಡೀ ಅಂಗಳಕ್ಕೆ ಕೇಳಿತು. ವೇಣು ಹೂವಿನ ಹಾರ ಕಟ್ಟುತ್ತಿದ್ದ ಕೈ ನಿಲ್ಲಿಸಿದ.

"ಹಾಸಿಗೇಲೇ ಆಗ್ಬಿಡೋದು. ಸತ್ರೆ ಸಾಕಪ್ಪ ಅನ್ಕೊಂಡಿದ್ದೆ. ಈಯಮ್ಮ ಬಂದು ಎರಡು ದಿನ ನನ್ನೆದುರಿಗೆ ಕೂತ್ಲು. ಅದ್ರ ಬಗ್ಗೆ ಒಂದು ಮಾತು ಕೇಳ್ಲಿಲ್ಲ, ನಗಲಿಲ್ಲ. ನನ್ನ ಮತ್ತೆ ಮನುಷ್ಯನ್ನಾಗಿ ಮಾಡಿ ಹೋದ್ಲು." ಅವರು ಕೋಲನ್ನೆತ್ತಿ ಚೀಲದ ಕಡೆ ತೋರಿಸಿದರು. "ಬೆಕ್ಕು ನಮ್ಮನೇಲಿರ್ತವೆ. ನಾಲ್ಕೂನೂ."

ಯಾರೂ ನಗಲಿಲ್ಲ. ಸರಸ್ವತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ತಾವೇ ಬಗ್ಗಿ ಚೀಲದ ಗಂಟು ಬಿಚ್ಚತೊಡಗಿದರು.

ವ್ಯಾನು ಬಂತು. ಬಾಯಿಗೆ ಅಕ್ಕಿ ಹಾಕುವುದು ಮುಗಿದು, ಗಂಡಸರು ಚಟ್ಟ ಎತ್ತಿ ಒಳಗಿಟ್ಟರು.

"ನಾನೂ ಬರ್ತೀನಿ," ಎಂದರು ಮುನಿಗಂಗಪ್ಪ.

"ಅಪ್ಪ, ಮೂರ್ನಾಲ್ಕು ಗಂಟೆ ಆಗ್ಬಹುದು."

"ಆಗ್ಲಿ ಬಿಡು."

ವೇಣು ಅಪ್ಪನ ಮುಖ ನೋಡಿದ. ಮನೆಯೊಳಗೆ ಹೋಗಿ, ಅವರ ಒಂದು ಜೊತೆ ಒಣ ಬಟ್ಟೆಯನ್ನು ಚಿಕ್ಕದಾಗಿ ಮಡಚಿ ಕವರಿಗೆ ಹಾಕಿಕೊಂಡು ಬಂದ. ಅಪ್ಪನನ್ನು ಎರಡೂ ಕೈಯಿಂದ ಎತ್ತಿ ವ್ಯಾನಿಗೆ ಹತ್ತಿಸಿದ.

ವ್ಯಾನು ರಸ್ತೆಗೆ ತಿರುಗುವಾಗ ತೆರೆದ ಹಿಂಬಾಗಿಲಲ್ಲಿ ರಮ್ಯಾಗೆ ಇಬ್ಬರೂ ಕಂಡರು. ಮುನಿಗಂಗಪ್ಪ ವಿಶಾಲಮ್ಮನ ಪಾದದ ಬಳಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ವೇಣು ಆ ಕವರನ್ನು ಯಾರ ಕಣ್ಣಿಗೂ ಬೀಳದಂತೆ ತನ್ನ ಅಂಗಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ.